ಅಕ್ಕಿಹಿಟ್ಟು ಬಳಿದ ಗೋಡೆ

ಕೆಲಸದಿಂದ ತೆಗೆದುಹಾಕಿದ ಮರುದಿನವೂ ಎಸ್ಪಿ ಸಾಹೇಬರು ಬೂಟು ಮಿಂಚಿಸಿಕೊಂಡೇ ನನ್ನ ಖಾನಾವಳಿಗೆ ಊಟಕ್ಕೆ ಬಂದರು. ಮೈಮೇಲೆ ಖಾಕಿ ಇರಲಿಲ್ಲ, ಇಸ್ತ್ರಿ ಮಾಡಿದ ಬಿಳಿ ಅಂಗಿ ಇತ್ತು. ಉಣ್ಣುತ್ತ ಕೂತಿದ್ದ ಪೊಲೀಸರು ಅಭ್ಯಾಸಬಲದಿಂದ ಎದ್ದರು, ಏಳುತ್ತಿದ್ದಂತೆ ಏನೋ ನೆನಪಾಗಿ ಅರ್ಧಕ್ಕೇ ನಿಂತರು, ಕೂರಲೂ ಆಗದೆ ಏಳಲೂ ಆಗದೆ ತಮ್ಮ ತಮ್ಮ ತಾಟು ನೋಡಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಮೊನ್ನೆಯವರೆಗೆ ಇದೇ ಮಂದಿ ಅವರ ಜೀಪಿನ ಬಾಗಿಲು ತೆಗೆಯಲು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. "ಕುಂದ್ರೂದಿದ್ರ ಕುಂದರ್ರಿ, ಏಳೂದಿದ್ರ ಏಳ್ರಿ. ಹಿಂಗ ನಡಾ ಬಗ್ಗಿಸಿ ನಿಂತ್ರ ನನ್ನ ಸಾರು ಚೆಲ್ಲತೈತಿ," ಎಂದು ಗದರಿದೆ. ಎಲ್ಲರೂ ಕೂತರು.

ಸಾಹೇಬರ ಹೆಸರು ಮೌನೇಶ ಕಮ್ಮಾರ. ಅಪ್ಪನ ಕುಲುಮೆಯ ಮುಂದೆ ತಿದಿ ಒತ್ತುತ್ತಲೇ ಓದಿ ಇಡೀ ಜಿಲ್ಲೆಯ ಪೊಲೀಸರಿಗೆ ದೊಡ್ಡವರಾದವರು. ನಾನು ನಿಂಬೆವ್ವ, ಪೊಲೀಸ್ ಲೈನಿನ ಎದುರಿಗೆ ಖಾನಾವಳಿ ನಡೆಸುವವಳು. ಬಂಗಲೆಯಲ್ಲಿ ಅಡುಗೆಯವನಿದ್ದರೂ ಅವರು ಮಧ್ಯಾಹ್ನದ ರೊಟ್ಟಿಗೆ ಇಲ್ಲಿಗೇ ಬರುತ್ತಿದ್ದರು. ಅವರ ಮುಂದೆ ತಾಟು ಇಟ್ಟು, "ಮಂದಿ ಅನ್ನೂದು ಖರೇನ್ರಿ?" ಎಂದು ಕೇಳಿದೆ.

"ಖರೇ, ನಿಂಬೆವ್ವಾ. ಸೇವೆಯಿಂದ ವಜಾ. ಶಾಂತ ಮೆರವಣಿಗೆ ಮ್ಯಾಲ ಸುಮ್‌ಸುಮ್ನ ಲಾಠಿ ಬೀಸಿದೆ ಅಂತ, ನಾ ಆ ಕಡೆ ಪಾರ್ಟಿಯಂವ ಅಂತ ಬರದಾರ." ಅವರು ರೊಟ್ಟಿ ಮುರಿದರು. "ಆದ್ರ ನಾ ಬಿಡಂಗಿಲ್ಲ. ನ್ಯಾಯಮಂಡಳಿಗೆ ಹೋಗ್ತೇನಿ. ಆ ದಿನ ನಿನ್ನ ಒಳಕೋಣ್ಯಾಗ ಕುಂತು ಮಂತ್ರಿ ಆ ಮಾತು ಹೇಳಿದಾಗ ನಾ ಅಲ್ಲೇ ಎದ್ದು ನಿಂತು 'ಆಗಂಗಿಲ್ಲ ಸರ್' ಅಂದೀನಿ. ಮಾರಿಗೆ ಮಾರಿ ಕೊಟ್ಟು ಅಂದೀನಿ."

ಒಳಕೋಣೆ ಎಂದ ಕೂಡಲೇ ನಾನು ಸಾರು ಬಡಿಸುವ ನೆಪ ಮಾಡಿ ಅಲ್ಲಿಂದ ಸರಿದುಹೋದೆ.

ನಮ್ಮೂರಿನ ಗೋಡೆಗಳ ವಿಷಯ ಹೊರಗಿನವರಿಗೆ ಹೇಳದಿದ್ದರೆ ಈ ಕಥೆಗೆ ಬುಡವೂ ಇಲ್ಲ, ತುದಿಯೂ ಇಲ್ಲ. ಇಲ್ಲಿ ಗೋಡೆಯ ಮುಂದೆ ಆಡಿದ ಮಾತು ಗೋಡೆಯಲ್ಲೇ ಉಳಿಯುತ್ತದೆ. ಮೋಡ ಕವಿದು ಥಂಡಿ ಹಿಡಿದ ದಿನ ಕಿವಿಯಿಟ್ಟರೆ ಗುಣುಗುಣು ಕೇಳಿಸುತ್ತದೆ. ಮಳೆಗಾಲದಲ್ಲಿ ಕನ್ನಡ ಸಾಲೆಯ ಮುಂದೆ ಹೋದರೆ, ಮಕ್ಕಳಿಗೆ ರಜೆ ಇದ್ದರೂ ಮಗ್ಗಿ ನಡೆದೇ ಇರುತ್ತದೆ. ಗಂಡಹೆಂಡಿರು ಜಗಳಕ್ಕೆ ಹಿತ್ತಲಿಗೆ ಹೋಗುತ್ತಾರೆ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರು ವರದಕ್ಷಿಣೆಯ ಮಾತನ್ನು ಹೊಲದ ಬದುವಿನ ಮೇಲೆ ಕೂತು ಆಡುತ್ತಾರೆ. ಸುಣ್ಣ ಹೊಡೆದರೆ ಕೆಳಗಿನ ಮಾತು ಅಡಗುತ್ತದೆ, ಅದಕ್ಕೇ ಅತ್ತೆ ಸತ್ತ ಮನೆಗಳಲ್ಲಿ ಹನ್ನೆರಡನೆಯ ದಿನ ಮುಗಿಯುವ ಮೊದಲೇ ಸೊಸೆಯಂದಿರು ಸುಣ್ಣದ ಗಡಿಗೆ ಹುಡುಕುತ್ತಾರೆ. ಸುಣ್ಣ ಹಸಿ ಇದ್ದಾಗ ಗೋಡೆ ಯಾವ ಮಾತನ್ನೂ ಹಿಡಿಯುವುದಿಲ್ಲ. ಆದ್ದರಿಂದ ಗುಟ್ಟು ಮಾತಾಡಬೇಕಾದ ದೊಡ್ಡವರು ಮೊದಲು ಕೋಣೆಗೆ ಸುಣ್ಣ ಹೊಡೆಸಿ, ಅದು ಒಣಗುವುದರೊಳಗೆ ಮಾತು ಮುಗಿಸಿ ಎದ್ದುಬಿಡುತ್ತಾರೆ.

ಇನ್ನು ಗೋಡೆ ಕೆರೆಯುವುದು. ಕರಣೆ ತಗಲಿತೋ, ಗೋಡೆ ಬಾಯಿ ಬಿಡುತ್ತದೆ. ಮೇಲಿನ ಹೊಸ ದಿನದ ಮಾತು ಮೊದಲು, ಒಳಗಿನ ಹಳೆಯ ದಿನದ ಮಾತು ಆಮೇಲೆ, ಒಂದೊಂದು ದಿನದ್ದು ಆಡಿದ ಸರದಿಯಲ್ಲೇ, ಆಡಿದವರು ಎದುರಿಗೇ ನಿಂತು ಆಡಿದಷ್ಟು ಸ್ಪಷ್ಟವಾಗಿ ಬರುತ್ತದೆ. ನಡುವೆ ನಿಲ್ಲಿಸಲು ಯಾರಪ್ಪನ ಕೈಯಲ್ಲೂ ಆಗುವುದಿಲ್ಲ. ಎಲ್ಲವನ್ನೂ ಹೇಳಿ ಮುಗಿಸಿ ಗೋಡೆ ಬರಿ ಮಣ್ಣಾಗುತ್ತದೆ, ಹೊರಬಂದ ಮಾತು ಮತ್ತೆ ಬರುವುದಿಲ್ಲ. ನಮ್ಮ ಕೋರ್ಟು ಕಚೇರಿಗಳು ಥಂಡಿಯ ಗುಣುಗುಣು ಒಪ್ಪುವುದಿಲ್ಲ, ಕೆರೆದ ಮಾತನ್ನು ಮಾತ್ರ ಸಾಕ್ಷಿ ಎನ್ನುತ್ತವೆ.

ನನ್ನ ಒಳಕೋಣೆಯ ಬಡಗಣ ಗೋಡೆಯಲ್ಲಿ ನನ್ನ ಮಗಳು ಕಸ್ತೂರಿ ಇದ್ದಳು. ಜ್ವರ ಬಂದು, ಇವತ್ತು ಇಳಿಯುತ್ತದೆ ನಾಳೆ ಇಳಿಯುತ್ತದೆ ಅನ್ನುವಷ್ಟರಲ್ಲಿ ಹೋಗಿಬಿಟ್ಟಳು. ಆ ಗೋಡೆಗೆ ತಲೆ ಆನಿಸಿ ಕೂತು ಓದುತ್ತಿದ್ದಳು, ಓದುವುದಕ್ಕಿಂತ ಹರಟೆ ಜಾಸ್ತಿ. ಉಣ್ಣಲು ಬಂದ ಫೌಜದಾರರ ಮೀಸೆಗೆ ಹೆಸರಿಡುವುದು, ನನ್ನ ಬೈಗುಳವನ್ನು ನನಗೇ ಅಣಕಿಸುವುದು, ಸಂಜೆಯಾಯಿತೆಂದರೆ ಅಲ್ಲಿಂದಲೇ ಕೂಗಿ "ಅವ್ವಾ, ಬಾಗಲಾ ಹಾಕ್ಲ್ಯಾ?" ಎಂದು ಕೇಳುವುದು. ಅವಳು ಹೋದ ಮೇಲೆ ಆ ಕೋಣೆಯಲ್ಲಿ ನಾನು ಯಾರನ್ನೂ ಕೂರಿಸಲಿಲ್ಲ. ಹಬ್ಬಕ್ಕೆ ಮೂರು ಗೋಡೆಗೆ ಸುಣ್ಣ ಹೊಡೆದು ಬಡಗಣ ಗೋಡೆ ಹಾಗೇ ಬಿಟ್ಟೆ. ಒಳಗೆ ಹೋದರೆ ಕೆಮ್ಮು ಬಂದರೂ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಬಂದು ಕೆಮ್ಮುತ್ತಿದ್ದೆ, ಅವಳ ಮಾತಿನ ಮೇಲೆ ನನ್ನ ಕೆಮ್ಮು ಕೂಡಬಾರದು ಎಂದು. ಮೋಡದ ದಿನ ಖಾನಾವಳಿ ಮುಚ್ಚಿ ಅಲ್ಲಿ ಕೂರುತ್ತಿದ್ದೆ. ಮಂದಿ ನಿಂಬೆವ್ವನಿಗೆ ಮೋಡ ಕಂಡರೆ ಸೋಮಾರಿತನ ಎಂದರು. ಅನ್ನಲಿ, ಅವರ ಬಾಯಿ, ಅವರ ಗಾಳಿ.

ಹೀಗಿರುವಾಗ ಚುನಾವಣೆ ಆಯಿತು, ಮಂತ್ರಿ ಗೆದ್ದ. ಹಳೇ ಪೇಟೆಯವರು ಅವನಿಗೆ ಓಟು ಹಾಕಿರಲಿಲ್ಲ, ಅದು ಅವನಿಗೂ ಗೊತ್ತಿತ್ತು, ಪೇಟೆಗೂ ಗೊತ್ತಿತ್ತು. ವಿಜಯದ ಮೆರವಣಿಗೆಯ ಹಿಂದಿನ ದಿನ ಮಂತ್ರಿಯ ಕಡೆಯವನೊಬ್ಬ ನನ್ನಲ್ಲಿಗೆ ಓಡಿಬಂದ. ಪ್ರವಾಸಿ ಮಂದಿರದ ತುಂಬ ಪಾರ್ಟಿಯ ಜನ, ಮಂತ್ರಿಗಳಿಗೆ ಎಸ್ಪಿಯವರ ಜೊತೆ ಎರಡು ಮಾತಾಡಬೇಕಾಗಿದೆ, ಒಳಕೋಣೆಗೆ ಈಗಿಂದೀಗ ಸುಣ್ಣ ಹೊಡೆದು ಕೊಡು ಎಂದ. ಆಗುವುದಿಲ್ಲ ಎಂದೆ. "ಹಂಗಾರ ನಾಳಿಂದ ಖಾನಾವಳಿ ಆಗಂಗಿಲ್ಲ," ಎಂದು ನಗುತ್ತ ಹೇಳಿ ಹೊಸ್ತಿಲ ಮೇಲೇ ಕೂತ.

ಮೂರು ಗೋಡೆಗೆ ಸುಣ್ಣ ಹೊಡೆದೆ. ನಾಲ್ಕನೆಯದರ ಮುಂದೆ ಕೈ ಏಳಲಿಲ್ಲ. ಅಡುಗೆಮನೆಗೆ ಹೋಗಿ ಅಕ್ಕಿಹಿಟ್ಟು ನೀರಿನಲ್ಲಿ ತೆಳ್ಳಗೆ ಕಲಸಿ ತಂದು ಬಡಗಣ ಗೋಡೆಗೆ ಬಳಿದೆ. ನೋಡಲು ಒಂದೇ ಬಿಳುಪು, ಕೋಣೆಯ ತುಂಬ ಸುಣ್ಣದ ಘಾಟು. ಆ ಮನುಷ್ಯ ಬಗ್ಗಿ ನೋಡಿ ಬೆರಳಿನಿಂದ ಬಾಗಿಲ ಪಕ್ಕದ ಗೋಡೆ ಮುಟ್ಟಿ, ಹಸಿ ಇದೆ ಎಂದು ತಲೆಯಾಡಿಸಿದ. ಮಂತ್ರಿ ಬಂದ, ಸಾಹೇಬರು ಬಂದರು, ಬಾಗಿಲು ಹಾಕಿಕೊಂಡರು. ನಾನು ಹೊರಗೆ ರೊಟ್ಟಿ ಬಡಿಯುತ್ತಿದ್ದೆ. ಒಳಗಿನದು ಏನೂ ಕೇಳಲಿಲ್ಲ.

ಮರುದಿನ ನಡೆದದ್ದು ಊರಿಗೆಲ್ಲ ಗೊತ್ತು. ಮಂತ್ರಿಯ ಹುಡುಗರು ಕೈಯಲ್ಲಿ ಪಂಜು, ಡಬ್ಬಿಯಲ್ಲಿ ಸೀಮೆಎಣ್ಣೆ ಹಿಡಿದು ಹಳೇ ಪೇಟೆಗೆ ಹೊರಟಾಗ ಪೇಟೆಯ ಬಾಯಿಗೆ ಸಾಹೇಬರು ತಮ್ಮ ಮಂದಿಯನ್ನು ಅಡ್ಡ ನಿಲ್ಲಿಸಿ ತಾವು ಮುಂದೆ ನಿಂತಿದ್ದರು. ಕಲ್ಲು ಬಿತ್ತು, ಲಾಠಿ ಬಿತ್ತು. ಪೇಟೆಯ ಒಂದು ಅಂಗಡಿಯ ಹಲಗೆಯೂ ಸುಡಲಿಲ್ಲ. ಆ ಸಂಜೆ ಪೇಟೆಯವರು ಸಾಹೇಬರ ಜೀಪಿಗೆ ಹೂವು ಏರಿಸಿದರು. ವಜಾ ಆದೇಶ ಬಂದಾಗ ಅದೇ ಪೇಟೆಯವರು ಅವರನ್ನು ಕಂಡರೆ ಅಂಗಡಿಯ ಒಳಗೆ ಏನೋ ಹುಡುಕತೊಡಗಿದರು.

ನ್ಯಾಯಮಂಡಳಿಯ ಕಲಾಪ ಕೆರೆಯ ದಂಡೆಯ ಕಂಬದ ಮಂಟಪದಲ್ಲಿ ನಡೆಯುತ್ತದೆ, ಅದಕ್ಕೆ ಗೋಡೆ ಇಲ್ಲ. ಸಾಹೇಬರು ತಮ್ಮ ವಕೀಲ ಹಂಚಿನಮನಿಯವರ ಜೊತೆ ಪ್ರತಿ ಮುದ್ದತ್ತಿಗೆ, ಅಂದರೆ ವಿಚಾರಣೆಯ ತಾರೀಖಿಗೆ, ಹೋಗುತ್ತಿದ್ದರು, ಬಂದು ನನ್ನ ಮುಂದೆ ಊಟಕ್ಕೆ ಕೂರುತ್ತಿದ್ದರು. ಸರ್ಕಾರಿ ವಕೀಲರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರಂತೆ: ಮಂತ್ರಿಗಳು ಊಟಕ್ಕೆ ಹೋಗಿದ್ದರು, ರೊಟ್ಟಿ ಉಂಡರು, ಬಂದರು. ಅವರು ಬೇರೇನೋ ಆಡಿದರು ಎನ್ನಲು ಸಾಕ್ಷಿ ಎಲ್ಲಿದೆ? "ಏನ್ ಹೇಳಲಿ ನಿಂಬೆವ್ವಾ? ಕೋಣಿಗೆ ಹಸಿ ಸುಣ್ಣ ಇತ್ತು. ಗ್ವಾಡಿ ಖಾಲಿ. ನನ್ನ ಕಡೆ ನನ್ನ ಬಾಯಿ ಒಂದ ಐತಿ," ಎನ್ನುತ್ತಿದ್ದರು. ಆಮೇಲೆ ತಪ್ಪದೆ ಅದೇ ಮಾತು: "ಎದ್ದು ನಿಂತು 'ಆಗಂಗಿಲ್ಲ ಸರ್' ಅಂದೀನಿ. ಪ್ರಮಾಣ ಮಾಡಿ ಬರದುಕೊಟ್ಟೀನಿ."

ನಾನು ಉಪ್ಪಿನಕಾಯಿ ಬಡಿಸುತ್ತ ಸುಮ್ಮನಿರುತ್ತಿದ್ದೆ. ಯಾಕೆಂದರೆ ಆ ಹೊತ್ತಿಗಾಗಲೇ ನನಗೆ ಗೊತ್ತಿತ್ತು. ಆ ವರ್ಷದ ಮೊದಲ ಮೋಡಕ್ಕೆ ಬಡಗಣ ಗೋಡೆಗೆ ಕಿವಿಯಿಟ್ಟಾಗ ನನ್ನ ಮಗಳ ಸಣ್ಣ ದನಿಯ ಮೇಲೆ ಮಂತ್ರಿಯ ದಪ್ಪ ದನಿ ಕೂತಿತ್ತು. ಪೇಟೆ, ಹುಡುಗರು, ಠಾಣೆ ಎಂದು ಅಲ್ಲೊಂದು ಇಲ್ಲೊಂದು ಮಾತು ಗುಂಯ್‌ಗುಡುತ್ತಿತ್ತು. ಸಾಹೇಬರ ದನಿ ಮೊದಲೇ ತಗ್ಗು, ಅದು ಕೇಳಿಸಲಿಲ್ಲ. ಆ ದಿನ ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿಬಂದು ಹಣೆ ಚಚ್ಚಿಕೊಂಡು ಅತ್ತೆ. ಅತ್ತದ್ದು ಸಾಹೇಬರ ನೌಕರಿಗೆ ಅಲ್ಲ. ನನ್ನ ಕೂಸಿನ ಬಾಯಿಯ ಮೇಲೆ ಅವನು ಕೈ ಇಟ್ಟಂತಾಗಿತ್ತು, ಅದಕ್ಕೆ ಅತ್ತೆ. ಅದು ಬೇಡವೆಂದರೂ ಮೇಲಿನದನ್ನಷ್ಟೇ ಕೆರೆದು ತೆಗೆಯುವ ಹಾಗಿರಲಿಲ್ಲ. ಹೇಳಿದರೆ ಕಸ್ತೂರಿ ಹೋಗುತ್ತಾಳೆ, ಹೇಳದಿದ್ದರೆ ಸಾಹೇಬರು ಹೋಗುತ್ತಾರೆ.

ಅವರು ನನ್ನ ಕಣ್ಣೆದುರಿಗೇ ಹೋಗುತ್ತಿದ್ದರು. ಬಂಗಲೆ ಖಾಲಿ ಮಾಡಿಸಿದರು, ಹತ್ತಿ ಪೇಟೆಯ ಹಿಂದೆ ಒಂದು ಖೋಲಿ ಹಿಡಿದರು. ಹೆಂಡತಿ ಸ್ವಲ್ಪ ದಿನ ಅಣ್ಣನ ಮನೆಗೆ ಎಂದು ಹೋದವರು ಅಲ್ಲೇ ಉಳಿದರು. ತಾವೇ ಬಡ್ತಿ ಕೊಡಿಸಿದ್ದ ಫೌಜದಾರ ಇವರನ್ನು ಠಾಣೆಯ ಬಾಕಿನ ಮೇಲೆ ಇಡೀ ಮಧ್ಯಾಹ್ನ ಕೂರಿಸಿ, ಫೌಜದಾರ ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದು ಹೇಳಿ ಕಳಿಸಿದ. ಹಳೇ ಪೇಟೆಯ ಬಳೆ ಅಂಗಡಿಯ ಹಸೀನಾಬಿಯಾದರೂ, ಪಂಜು ಹಿಡಿದು ಬಂದದ್ದನ್ನು ಕಂಡೆ ಎಂದು ಹೇಳಿಯಾಳು ಎಂದು ಆಸೆಯಿಂದ ಹೋದರು. ಅವಳು ಅತ್ತಳಂತೆ. "ನಿಮ್ಮಿಂದ ನನ್ನ ಅಂಗಡಿ ಉಳೀತ್ರಿ ಯಪ್ಪಾ. ಅದ ಅಂಗಡ್ಯಾಗ ನಾ ನಾಳೆನೂ ಕುಂದರಬೇಕಲ್ರೀ," ಎಂದಳಂತೆ. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಒಂದು ದಿನ ಅವರು ಚಪ್ಪಲಿಯಲ್ಲಿ ಬಂದರು. ಬೂಟು ಎಲ್ಲಿ ಎಂದರೆ, "ಯಾರಿಗೆ ತೋರಸೂದೈತಿ?" ಎಂದರು. ರೊಟ್ಟಿ ಮುರಿದು ಹಾಗೇ ಇಟ್ಟರು. "ಈ ಮುದ್ದತ್ತೇ ಕಡೀದಂತ. ಸಾಕ್ಷಿ ಇಲ್ಲಂದ್ರ ಅರ್ಜಿ ವಜಾ ಮಾಡ್ತಾರಂತ. ನಿಂಬೆವ್ವಾ, ಒಂದೊಂದು ಸಲ ನನಗ ಅನಸ್ತೈತಿ, ಮಂತ್ರಿ ಖರೇನ ಹಂಗ ಅಂದ್ನೋ, ನಾನ ಕನಸು ಕಂಡ್ನೋ? ಎಲ್ಲಾರೂ ಇಲ್ಲ ಇಲ್ಲ ಅಂದ್ರ ಇದ್ದದ್ದೂ ಇಲ್ಲದಂಗ ಆಗತೈತಿ." ಹೇಳುತ್ತ ಹೇಳುತ್ತ ಆ ಎತ್ತರದ ಮನುಷ್ಯನ ಕಣ್ಣಲ್ಲಿ ನೀರು ತುಂಬಿತು. ಪಕ್ಕದ ಪಂಕ್ತಿಯಲ್ಲಿ ಪೊಲೀಸರು ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದರು.

ನನಗೆ ತಡೆಯಲಾಗಲಿಲ್ಲ. ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಅಕ್ಕಿಹಿಟ್ಟಿನದೂ ಹೇಳಿದೆ, ಮೋಡದ ದಿನ ಕೇಳಿದ್ದೂ ಹೇಳಿದೆ.

ಅವರ ಕಣ್ಣು ಅಗಲವಾದವು, ಆಮೇಲೆ ಮುಖ ಬಿಳಿಚಿತು. "ಬ್ಯಾಡ," ಎಂದರು.

"ಯಾಕ್ರೀ?"

"ಬ್ಯಾಡಂದ್ರ ಬ್ಯಾಡ. ಕಸ್ತೂರಿ ನನ್ನ ಮೀಸಿಗೆ ಝಾಡೂ ಅಂತ ಹೆಸರಿಟ್ಟಿದ್ಲು. ಆಕಿನ್ನ ಕೆರದು ನಾ ನೌಕರಿ ತಗೋಬೇಕೇನು? ನನ್ನ ಹಣ್ಯಾಗ ಇದ್ದದ್ದು ಆಗಲಿ. ನೀ ಆ ಗ್ವಾಡಿ ಮುಟ್ಟಬ್ಯಾಡ, ನಿನಗ ನನ್ನ ಆಣಿ ಐತಿ."

ಹಾಗೆ ಅಂದದ್ದಕ್ಕೇ ನಾನು ಸೋತೆ. ಅವರು ಕೊಡು ಎಂದು ಕೈಯೊಡ್ಡಿದ್ದರೆ ಪ್ರಾಯಶಃ ಕೊಡುತ್ತಿರಲಿಲ್ಲ, ನನ್ನ ಸ್ವಭಾವ ನನಗೆ ಗೊತ್ತು. ಬೇಡ ಎಂದವರಿಗೆ ಇಲ್ಲ ಎನ್ನುವುದು ಹೇಗೆ? ಆ ವಾರವೆಲ್ಲ ಒಳಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಮೋಡ ಒಂದೂ ಬರಲಿಲ್ಲ. ಕೊನೆಗೆ ಎದ್ದು, ಸೆರಗು ಹೊದ್ದು, ವಕೀಲ ಹಂಚಿನಮನಿಯವರ ಮನೆಗೆ ಹೋಗಿ ಅವರ ಅಂಗಳದಲ್ಲಿ ನಿಂತು, "ನನ್ನ ಗ್ವಾಡಿ ಕೆರಸ್ರಿ," ಎಂದೆ. ಅವರು ನನ್ನ ಕಾಲಿಗೆ ಬೀಳುವುದೊಂದು ಬಾಕಿ. "ಅಕ್ಕಾರ, ನೀವು ಒಬ್ಬ ಪ್ರಾಮಾಣಿಕ ಮನುಷ್ಯಾನ್ನ ಉಳಿಸಿದ್ರಿ," ಎಂದರು. ನನ್ನ ಮಗಳ ಹೆಸರೇನು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಗೋಡೆ ಕೆರೆಯುವ ದಿನ ಬೆಳಿಗ್ಗೆಯೇ ನ್ಯಾಯಮಂಡಳಿಯ ಅಧ್ಯಕ್ಷರು, ಎರಡೂ ಕಡೆಯ ವಕೀಲರು, ಬರೆದುಕೊಳ್ಳುವ ಗುಮಾಸ್ತ ಎಲ್ಲರೂ ಬಂದರು. ಸಾಹೇಬರು ಬೂಟು ಹಾಕಿಕೊಂಡು ಬಂದಿದ್ದರು, ಆದರೆ ಮಿಂಚಿಸಿರಲಿಲ್ಲ. ಅಂಗಳದಲ್ಲೇ ನನ್ನ ಕಡೆ ಒಮ್ಮೆ ನೋಡಿದರು. "ಆಣಿ ಇಟ್ಟಿದ್ದೆ," ಎಂದಷ್ಟೇ ಅಂದರು. ನನ್ನ ಗೋಡೆ, ನನ್ನ ಮಗಳು, ನೀವು ಸುಮ್ಮನಿರಿ ಎಂದೆ. ಒಳಗೆ ಹೋದ ಮೇಲೆ ಗೋಡೆ ಕೆರೆಯುವ ದುರ್ಗಪ್ಪ ಕರಣೆ ತಗಲಿಸುವ ಮೊದಲು ಗೋಡೆಗೆ ಕೈ ಮುಗಿದ. ಅಕ್ಕಿಹಿಟ್ಟಿನ ಬಿಳಿ ಹಪ್ಪಳ ಹಪ್ಪಳವಾಗಿ ಉದುರಿತು.

ಮಂತ್ರಿಯ ದನಿ ಕೋಣೆಯ ತುಂಬ ಎದ್ದಿತು. "ಕಮ್ಮಾರ, ನಾಳೆ ನಮ್ಮ ಹುಡುಗರು ಹಳೇ ಪ್ಯಾಟ್ಯಾಗ ಹಾದು ಹೋಗ್ತಾರ. ಆ ಪ್ಯಾಟಿ ಮಂದಿಗೆ ಒಂದ ಸಲ ಬಿಸಿ ಮುಟ್ಟಬೇಕು. ಹೊತ್ತು ಮುಳಗೂತನಕ ನಿನ್ನ ಮಂದಿ ಠಾಣೆ ಬಿಟ್ಟು ಹೊರಗ ಕಾಲಿಡಬಾರದು. ಏನು ಸುಟ್ರೂ ನೀ ನೋಡಿಲ್ಲ, ಏನು ಮುರದ್ರೂ ನೀ ಕೇಳಿಲ್ಲ. ತಿಳೀತಿಲ್ಲೋ?"

ವಕೀಲ ಹಂಚಿನಮನಿಯವರು ಗೆದ್ದೆ ಎನ್ನುವಂತೆ ನನ್ನ ಕಡೆ ತಿರುಗಿದರು. ನಾನು ಸಾಹೇಬರನ್ನು ನೋಡುತ್ತಿದ್ದೆ. ಅವರು ಗೋಡೆಯನ್ನೇ ನೋಡುತ್ತ, ಮುಂದಿನ ಮಾತನ್ನು ತಾವೂ ಜೊತೆಗೆ ಹೇಳುವವರಂತೆ ತುಟಿ ಸಿದ್ಧ ಮಾಡಿಕೊಂಡಿದ್ದರು.

ಗೋಡೆಯೊಳಗಿಂದ ಅವರದೇ ತಗ್ಗು ದನಿ ಬಂತು. "ಆಗ್ಲಿ ಸರ್."

ಆಮೇಲೆ ಮಂತ್ರಿಯ ದನಿ: "ಈ ಹೆಣಮಗಳ ರೊಟ್ಟಿ ಛಲೋ ಅದಾವಲ್ಲೋ." ಮತ್ತೆ ಸಾಹೇಬರ ದನಿ, ಅದೇ ತಗ್ಗಿನಲ್ಲಿ, ಅದೇ ವಿನಯದಲ್ಲಿ: "ಹೌದ್ರಿ ಸರ್." ಕುರ್ಚಿ ಸರಿದದ್ದು ಕೇಳಿಸಿತು. ಬಾಗಿಲು ತೆರೆದದ್ದು ಕೇಳಿಸಿತು. ಬೇರೇನೂ ಇರಲಿಲ್ಲ.

ಕೋಣೆಯಲ್ಲಿ ಗದ್ದಲವೆದ್ದಿತು. ಸರ್ಕಾರಿ ವಕೀಲರು ಕುಣಿಯುವುದೊಂದು ಬಾಕಿ. "ಅಲ್ಲೇ ನಿರಾಕರಿಸಿದೆ ಅಂತ ಪ್ರಮಾಣ ಮಾಡಿ ಬರೆದುಕೊಟ್ಟಿದ್ದಾರೆ! ಇದೇನಿದು? ಎದುರಿಗೆ ಆಗ್ಲಿ ಅಂದು ಹಿಂದೆ ಬೇರೆ ಮಾಡಿದವರು ಇವರು!" ಎಂದು ಕೂಗಿದರು. ಹಂಚಿನಮನಿಯವರು ಅದಕ್ಕಿಂತ ಜೋರಾಗಿ, ಮಂತ್ರಿಗಳ ಮಾತು ಮೊದಲು ಬರೆದುಕೊಳ್ಳಿ, ಬೆಂಕಿಯ ಮಾತು ಬರೆದುಕೊಳ್ಳಿ ಎಂದು ಕೂಗಿದರು. ಅಧ್ಯಕ್ಷರು ಮೇಜು ಸಿಗದೆ ಬಾಗಿಲು ಬಡಿದರು. ಅಷ್ಟರಲ್ಲಿ ಆ ಗದ್ದಲದ ಅಡಿಯಲ್ಲಿ ನನ್ನ ಮಗಳು ಮಾತಾಡತೊಡಗಿದ್ದಳು.

ಯಾರೂ ಕೇಳಿಸಿಕೊಳ್ಳಲಿಲ್ಲ. ಮೊದಲು ಜ್ವರದ ದಿನಗಳ ಮಾತು ಬಂತು, ನೀರು ಎಂದಳೋ ನೋವು ಎಂದಳೋ ತಿಳಿಯಲಿಲ್ಲ. ಫೌಜದಾರರ ಮೀಸೆಯ ಮಾತು ಬಂತು, ಅದರ ಮೇಲೆ ಸರ್ಕಾರಿ ವಕೀಲರ ಆಕ್ಷೇಪಣೆ ಬಂತು. ಅವಳು ನಕ್ಕದ್ದು ಅರ್ಧ ಕೇಳಿಸಿತು. ಒಂದು ಪದ್ಯ ಬಾಯಿಪಾಠ ಮಾಡುತ್ತಿದ್ದಳು, ಅದು ಯಾವ ಪದ್ಯವೆಂದು ಇವತ್ತಿಗೂ ನನಗೆ ಗೊತ್ತಿಲ್ಲ.  ದುರ್ಗಪ್ಪ ಕರಣೆ ಕೆಳಗಿಟ್ಟು ಬಿಟ್ಟಿದ್ದ, ಆದರೂ ಗೋಡೆ ತಾನೇ ಉದುರುತ್ತಿತ್ತು. ನಾನು ಹುಚ್ಚಿಯಂತೆ ಎರಡೂ ಕೈಯಿಂದ ಆ ಮಣ್ಣು ತಡೆಯಲು ನೋಡಿದೆ. "ಬಾಯಿ ಮುಚ್ಚರಿ! ನಿಮ್ಮ ಬಾಯಿಗೆ ಮಣ್ಣು ಹಾಕ, ಬಾಯಿ ಮುಚ್ಚರೋ ಎಲ್ಲಾರೂ!" ಎಂದು ಕಿರುಚಿದೆ.

ಎಲ್ಲರೂ ಸುಮ್ಮನಾದರು. ಆಗ ಉಳಿದಿದ್ದದ್ದು ಒಂದೇ ಮಾತು.

"ಅವ್ವಾ, ಬಾಗಲಾ ಹಾಕ್ಲ್ಯಾ?"

ಗೋಡೆ ಬರಿ ಮಣ್ಣಾಯಿತು. "ಹಾಕವ್ವಾ," ಎಂದೆ. ಅವಳು ಕೂಗಿ ಕೇಳಿದಾಗಲೆಲ್ಲ ನಾನು ಅಡುಗೆಮನೆಯಿಂದ ಉತ್ತರ ಕೊಡುತ್ತಿದ್ದೆ. ಈ ಸಲ ಗೋಡೆಯ ಮುಂದೆಯೇ ನಿಂತು ಕೊಟ್ಟೆ.

ಬೋಳು ಗೋಡೆಯ ಮುಂದೆ ನಮ್ಮೂರಿನಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ, ಅದು ಮೊದಲ ಮಾತಿಗೆ ಕಾದಿರುತ್ತದೆ. ಅಧ್ಯಕ್ಷರು ಕೈಸನ್ನೆ ಮಾಡಿದರು, ಎಲ್ಲರೂ ಹೊರಗೆ ಅಂಗಳಕ್ಕೆ ನಡೆದರು. ಕೆಲವು ದಿನಗಳ ಮೇಲೆ ಮಂಟಪದಲ್ಲಿ ತೀರ್ಪು ಓದಿದರು. ಮಂತ್ರಿಗಳ ಮೇಲೆ ಇಲ್ಲಿ ಅರ್ಜಿ ಇಲ್ಲ, ಅವರ ಮಾತಿನ ವಿಚಾರ ಈ ಮಂಡಳಿಯ ಮುಂದಿಲ್ಲ. ಅರ್ಜಿದಾರರ ಪ್ರಮಾಣ ಸುಳ್ಳೆಂದು ಅರ್ಜಿದಾರರೇ ತಂದ ಗೋಡೆ ಹೇಳಿದೆ. ಸುಳ್ಳು ಪ್ರಮಾಣ ಮಾಡುವ ಅಧಿಕಾರಿ ಸೇವೆಗೆ ತಕ್ಕವರಲ್ಲ, ವಜಾ ಖಾಯಂ. ಆ ಸಂಜೆ ಹಳೇ ಪೇಟೆಯಲ್ಲಿ ಪಟಾಕಿ ಹಾರಿಸಿದರು. ಹಾರಿಸಿದವರು ಮಂತ್ರಿಯ ಹುಡುಗರು, ಪಟಾಕಿಗೆ ವರ್ಗಣಿ ಕೊಟ್ಟವರು ಪೇಟೆಯವರು.

ಮರುದಿನ ಸಾಹೇಬರು ಬಂದರು, ಊಟದ ಹೊತ್ತು ಮುಗಿದ ಮೇಲೆ, ಯಾರೂ ಇಲ್ಲದಾಗ. ನನ್ನ ಸಿಟ್ಟು ಇನ್ನೂ ಆರಿರಲಿಲ್ಲ. ತಾಟು ಇಡಲಿಲ್ಲ, ಕೂರಿ ಎನ್ನಲಿಲ್ಲ. ಹಿತ್ತಲಿಗೆ ನಡೆದೆ, ಅವರೂ ಹಿಂದೆ ಬಂದರು. "ಒಂದು ಮಾತು ಕೇಳ್ತೇನಿ. ಬ್ಯಾಡ ಅಂದ್ರಲ್ಲ ಅವತ್ತು, ಅದು ನನ್ನ ಮಗಳ ಸಲುವಾಗಿ ಅಂದ್ರೋ, ಒಳಗ ಏನೈತಿ ಅಂತ ಗೊತ್ತಿದ್ದು ಅಂದ್ರೋ?"

ಅವರು ತುಳಸಿಕಟ್ಟೆಯ ಮೇಲೆ ಕೂತರು. "ಆ ಪ್ರಶ್ನೆ ನನಗ ನಾನೂ ಕೇಳ್ಕೊಂಡೇನಿ. ದೇವರಾಣಿ, ಗೊತ್ತಿಲ್ಲ. ನಾ ಎದ್ದು ನಿಂತದ್ದು ನನಗ ಕಣ್ಣಿಗೆ ಕಟ್ಟಿದಂಗೈತಿ. ಅಂದದ್ದು ನನ್ನ ಕಿವ್ಯಾಗ ಐತಿ. ಆದ್ರ ನಿಂಬೆವ್ವಾ, ನೌಕರಿಗೆ ಸೇರಿದ ದಿನದಿಂದ ಮ್ಯಾಲಿನವರು ಏನಂದ್ರೂ ಆಗ್ಲಿ ಸರ್, ಆಗ್ಲಿ ಸರ್. ಅದು ಉಸಿರಿನಂಗ ಬರತೈತಿ. ಅದನ್ನೂ ಮಾತು ಅಂತಾರ ಅಂತ ನನಗ ಎಂದೂ ಅನಿಸಿಲ್ಲ. ಅವತ್ತು ಮನಸಿನ್ಯಾಗ ಆಗಂಗಿಲ್ಲ ಅಂದದ್ದು ಖರೇ. ಮರದಿನ ಪ್ಯಾಟಿ ಬಾಯಿಗೆ ನಿಂತದ್ದೂ ಖರೇ."

"ಮನಸಿನ ಮಾತು ಗ್ವಾಡಿಗೆ ಕೇಳಂಗಿಲ್ರೀ ಸಾಹೇಬ್ರ," ಎಂದೆ. ಹೇಳಿದ ಮೇಲೆ ಯಾಕೆ ಹೇಳಿದೆನೋ ಎನಿಸಿತು. ಅವರು ತಲೆಯಾಡಿಸಿದರು, ಬಹಳ ಹೊತ್ತು ಆಡಿಸುತ್ತಲೇ ಇದ್ದರು. ಪೇಟೆ ಉಳಿಸಿದ ಮನುಷ್ಯ ಅವರು. ಅದು ಸುಳ್ಳಲ್ಲ. ನನ್ನ ಮಗಳನ್ನು ಸುಮ್ಮನೆ ಕಳೆದದ್ದೂ ಅವರೇ. 'ಆಗಂಗಿಲ್ಲ' ಎನ್ನಬೇಕಾದ ಹೊತ್ತಿಗೆ ಒಮ್ಮೆ ಬಾಯಿಬಿಟ್ಟು ಅಂದಿದ್ದರೆ ಸಾಕಿತ್ತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು, ಆ ಮುಖ ನೋಡಿದರೆ ಬೈಯಲೂ ಆಗುತ್ತಿರಲಿಲ್ಲ.

ಏಳುವಾಗ, "ಒಂದ ಸಲ ಒಳಗ ಹೋಗಿ ಬರ್ಲ್ಯಾ?" ಎಂದು ಕೇಳಿದರು. ಏನಾದರೂ ಮಾಡಿಕೊಳ್ಳಿ, ಇನ್ನು ಅಲ್ಲಿ ಏನಿದೆ ಎಂದೆ. ಅವರು ಒಳಕೋಣೆಗೆ ಹೋದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬೋಳು ಗೋಡೆಯ ಮುಂದೆ ಹಿಮ್ಮಡಿ ಕೂಡಿಸಿ, ಎದೆ ಸೆಟೆಸಿ, ಮೇಲಧಿಕಾರಿಯ ಮುಂದೆ ನಿಲ್ಲುವ ಹಾಗೆ ನಿಂತರು. ಅಂಗಿಯ ಗುಂಡಿ ಸರಿಮಾಡಿಕೊಂಡರು. ಗಂಟಲು ಹರಿಯುವಷ್ಟು ಜೋರಾಗಿ ಆ ಮಾತು ಅಂದರು. ಆಮೇಲೆ ನನ್ನ ಮುಖ ನೋಡದೆ ಹೊರಟುಹೋದರು. ಅವರ ಖೋಲಿಗೆ ಬೀಗವಿದೆ ಎಂದು ನಾಲ್ಕು ದಿನಗಳ ಮೇಲೆ ತಿಳಿಯಿತು. ಯಾವ ಊರಿಗೆ ಹೋದರೆಂದು ಹೆಂಡತಿಯ ಕಡೆಯವರಿಗೂ ಗೊತ್ತಿಲ್ಲ.

ಆ ಗೋಡೆಗೆ ನಾನು ಸುಣ್ಣ ಹೊಡೆದಿಲ್ಲ. ಹೊಡೆಯಲು ಕಾರಣವೂ ಇಲ್ಲ, ಹೊಡೆಯದಿರಲು ಕಾರಣವೂ ಇಲ್ಲ. ಮೋಡ ಕವಿದ ದಿನ ಹಳೆಯ ಚಾಳಿಯಂತೆ ಖಾನಾವಳಿ ಮುಚ್ಚಿ ಒಳಗೆ ಹೋಗಿ ಕಿವಿಯಿಟ್ಟು ಕೂರುತ್ತೇನೆ. ಮೊದಲು ನನ್ನದೇ ದನಿ ಬರುತ್ತದೆ, "ಹಾಕವ್ವಾ," ಎಂದು. ಅದರ ಹಿಂದೆಯೇ ಸಾಹೇಬರ ದನಿ, "ಆಗಂಗಿಲ್ಲ ಸರ್." ಮತ್ತೆ "ಹಾಕವ್ವಾ." ಮತ್ತೆ "ಆಗಂಗಿಲ್ಲ ಸರ್." ಪ್ರಶ್ನೆ ಕೇಳಿದವಳು, ಹುಕುಂ ಮಾಡಿದವನು, ಇಬ್ಬರೂ ಆ ಗೋಡೆಯಲ್ಲಿ ಇಲ್ಲ. ಸಂಜೆಯಾದ ಮೇಲೆ ನಾನೇ ಎದ್ದು ಹೋಗಿ ಬಾಗಿಲು ಹಾಕುತ್ತೇನೆ.